ಸಹಾಯ ಬೇಕು: ‘ರನ್’ ಪದವನ್ನು ಮಕ್ಕಳಿಗೆ ಹೇಗೆ ಕಲಿಸಲಿ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕದಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಂಜೆ ಇಂಗ್ಲಿಷ್ ಹೇಳಿಕೊಡುತ್ತೇನೆ. ‘ರನ್’ ಎಂದರೆ ಓಡು ಎಂದು ಕಲಿತ ಹುಡುಗಿಯೊಬ್ಬಳು ನೆಗಡಿಯ ಬಗ್ಗೆ ‘ಮೂಗು ಓಡುತ್ತಿದೆ’ ಎಂದು ಬರೆದಳು. ತಪ್ಪು ಅವಳದಲ್ಲ, ಒಂದೇ ಅರ್ಥ ಕೊಟ್ಟದ್ದು ನಾನು.

ಕನ್ನಡದಲ್ಲಿ ಮೂಗು ಸುರಿಯುತ್ತದೆ, ಅಂಗಡಿ ನಡೆಸುತ್ತೇವೆ, ಒಗೆದ ಸೀರೆ ಬಣ್ಣ ಬಿಡುತ್ತದೆ; ಇಂಗ್ಲಿಷಿನಲ್ಲಿ ಇವಕ್ಕೆಲ್ಲ ‘ರನ್’ ಒಂದೇ. ಅಮೆರಿಕದ ಅಭ್ಯರ್ಥಿ ಚುನಾವಣೆಗೆ ಓಡಿದರೆ ನಮ್ಮವರು ನಿಲ್ಲುತ್ತಾರೆ! ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರು ಈ ಕ್ರಿಯಾಪದಕ್ಕೆ 645 ಅರ್ಥಗಳನ್ನು ಗುರುತಿಸಿದ್ದಾರೆ. ನನಗೆ 20 ಸಾಕು.

ಮನೆಯಲ್ಲಿ ತುಳು, ಮಲಯಾಳ ಮಾತನಾಡುವ ಮಕ್ಕಳೂ ಇದ್ದಾರೆ. ಅವರಿಗೆ ಹಿಡಿಸುವ, ನಿತ್ಯ ಬಳಕೆಯ ಸಣ್ಣ ವಾಕ್ಯಗಳನ್ನು ದಯವಿಟ್ಟು ಬರೆಯಿರಿ. ಮುಖ್ಯವಾಗಿ, ಅಕ್ಕಿ ಮುಗಿಯಿತು ಎನ್ನಲೂ ‘ರನ್ ಔಟ್’ ಬರುತ್ತದೆ. ಕ್ರಿಕೆಟ್ ಒಂದನ್ನೇ ಬಲ್ಲ ಹುಡುಗರಿಗೆ ಇದನ್ನು ಹೇಗೆ ತಿಳಿಸಲಿ?