ಪದಚರ್ಚೆ: ಕಾಗದದ ಅಂಚನ್ನು ‘ಕಂದಿಸು’ ಅನ್ನಬಹುದೇ?

ಗೆಳೆಯರೇ, ಒಂದು ಪದದ ವಿಷಯದಲ್ಲಿ ನಿಮ್ಮ ಮಾತು ಬೇಕಾಗಿದೆ.

ನಾನು ಶಿರಸಿಯಲ್ಲಿ ಮಕ್ಕಳಿಗೆ ಕಾಗದದ ಕೆಲಸ ಕಲಿಸುತ್ತೇನೆ. ಶುಭಾಶಯ ಪತ್ರ, ಪುಟ್ಟ ಆಲ್ಬಮ್, ಹಳೇ ಓಲೆಯಂಥ ಸುರುಳಿ, ಹೀಗೆ. ಹೊಸ ಕಾಗದಕ್ಕೆ ಹಳೇ ಕಾಲದ ಕಳೆ ಬರಲಿ ಅಂತ ಅಂಚಿಗೆ ಕಂದು ಶಾಯಿ ಹಚ್ಚುತ್ತೇವೆ. ಇದಕ್ಕೆಂದೇ ಡಿಸ್ಟ್ರೆಸ್ ಇಂಕ್ ಅನ್ನುವ ಪ್ಯಾಡ್ ಸಿಗುತ್ತದೆ. ಆ ಶಾಯಿ ಬೇಗ ಒಣಗುವುದಿಲ್ಲ, ಹರಡಲು ಸಮಯ ಕೊಡುತ್ತದೆ. ಒಣಗಿದ ಮೇಲೂ ನಾಲ್ಕು ಹನಿ ನೀರು ಚಿಮುಕಿಸಿದರೆ ಅಲ್ಲಲ್ಲಿ ತಿಳಿಯಾಗಿ ಮಚ್ಚೆ ಮಚ್ಚೆಯಾಗುತ್ತದೆ.

ಇದನ್ನೆಲ್ಲ ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯಲು ಕೂತೆ. ಮೊದಲು ‘ಅಂಚನ್ನು ಮಾಸಲು ಮಾಡಿ’ ಅಂತ ಬರೆದೆ. ಓದಿದ ಹುಡುಗಿ ‘ಕೊಳೆ ಮಾಡಬೇಕಾ?’ ಅಂದಳು. ಅವಳು ಕೇಳಿದ್ದು ಸರಿಯೇ. ಮಾಸಿದ್ದು ಅಂದರೆ ನಮಗೆ ಮೊದಲು ನೆನಪಾಗುವುದು ಒಗೆಯಬೇಕಾದ ಅಂಗಿ. ‘ಮಸಿ ಬಳಿಯಿರಿ’ ಅಂತೂ ಬೇಡವೇ ಬೇಡ. ಮಸಿ ಬಳಿಯುವುದು ಮುಖಕ್ಕೆ, ಮಾನ ಕಳೆಯಲಿಕ್ಕೆ. ಹಾಗಾಗಿ ಶಾಯಿ ಅನ್ನುವ ಪದವನ್ನೇ ಇಟ್ಟುಕೊಂಡೆ.

ಆಮೇಲೆ ಹೊಳೆದದ್ದು ‘ಕಂದು’. ಬಣ್ಣದ ಹೆಸರೂ ಅದೇ, ಕ್ರಿಯಾಪದವೂ ಅದೇ. ಬಿಸಿಲಿಗೆ ಮುಖ ಕಂದುತ್ತದೆ, ಬಿಸಿ ತಾಗಿದರೆ ಹೂವು ಕಂದುತ್ತದೆ. ಕಾಗದಕ್ಕೂ ಆಗುವುದು ಇದೇ ಅಲ್ವಾ? ಮರದ ತಿರುಳಿನ ಅಗ್ಗದ ಕಾಗದದಲ್ಲಿ ಲಿಗ್ನಿನ್, ಅಂದರೆ ಮರಕ್ಕೆ ಗಟ್ಟಿತನ ಕೊಡುವ ಅಂಶ, ಜಾಸ್ತಿ ಇರುತ್ತದೆ. ಗಾಳಿ, ಬೆಳಕು ತಾಗಿ ಅದು ಹಳದಿಯಾಗುತ್ತದೆ, ಬರಬರುತ್ತ ಕಂದಾಗುತ್ತದೆ. ಹಳೇ ಪುಸ್ತಕ ಬಿಚ್ಚಿ ನೋಡಿ. ಪುಟದ ಅಂಚು ಮೊದಲು ಕಂದಿರುತ್ತದೆ, ನಡುಭಾಗ ಇನ್ನೂ ತಿಳಿಯಾಗಿರುತ್ತದೆ. ನಾವು ಶಾಯಿಯನ್ನು ಅಂಚಿಗೇ ಹಚ್ಚುವುದೂ ಅದಕ್ಕೇ. ‘ಕಂದಿಸು’ ಅಂದರೆ ಈ ಪೂರ್ತಿ ಅರ್ಥ ಒಂದೇ ಪದದಲ್ಲಿ ಬರುತ್ತದೆ ಅಂತ ನನಗೆ ಬಲವಾಗಿ ಅನ್ನಿಸಿದೆ.

ಇನ್ನು ಹಚ್ಚುವ ಕೆಲಸ. ಸ್ಪಾಂಜಿಗೆ ಶಾಯಿ ತಗೊಂಡು, ಕಾಗದದ ಹೊರಗಿನಿಂದಲೇ ಶುರುಮಾಡಿ, ಸುತ್ತಿಸುತ್ತಿ ಹಗುರವಾಗಿ ಅಂಚಿನ ಒಳಗೆ ಬರಬೇಕು. ನೇರ ಕಾಗದದ ಮೇಲೆ ಊರಿದರೆ ಗಟ್ಟಿ ಗುರುತು ಉಳಿಯುತ್ತದೆ. ಇದಕ್ಕೆ ‘ಬಳಿ’ ಒರಟಾಯಿತು, ಅದು ಗೋಡೆಗೆ ಸರಿ. ‘ಉಜ್ಜು’ ಅಂದರೆ ಮಕ್ಕಳು ಕಾಗದ ಹರಿಯುತ್ತಾರೆ. ಕಣ್ಣಿಗೆ ಕಾಡಿಗೆ ತೀಡುತ್ತೇವಲ್ಲ, ಆ ‘ತೀಡು’ ಇಲ್ಲಿ ಚೆನ್ನಾಗಿ ಕೂರುತ್ತದೆ. ಈಗ ನನ್ನ ವಾಕ್ಯ ಹೀಗಿದೆ: ‘ಅಂಚಿಗೆ ಶಾಯಿ ತೀಡಿ ಕಂದಿಸಿ.’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

ಇನ್ನೊಂದು ಪ್ರಶ್ನೆ. ಪ್ಯಾಡ್ ಇಲ್ಲದವರಿಗೆ ನಾನು ಚಹಾದ ಡಿಕಾಕ್ಷನ್ ಹೇಳುತ್ತೇನೆ. ಅದರಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶ ಕಾಗದಕ್ಕೆ ಒಳ್ಳೇ ಬಣ್ಣ ಕೊಡುತ್ತದೆ. ಅಡಿಕೆ ಬೇಯಿಸಿದ ಚೊಗರಿನಲ್ಲೂ ಅದೇ ಗುಣವಿದೆ. ಸುಲಿದ ಹಸಿ ಅಡಿಕೆಯನ್ನು ಅದೇ ನೀರಲ್ಲಿ ಮತ್ತೆ ಮತ್ತೆ ಬೇಯಿಸಿ ಬರುವ ಆ ಕೆಂಗಂದು ಬಣ್ಣ ಯಾವ ಪ್ಯಾಡಿನಲ್ಲೂ ಸಿಗುವುದಿಲ್ಲ. ಬಟ್ಟೆಗೆ ತಾಗಿದರೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಹಾಗೆ ಚೊಗರು ಹಿಡಿದು ಬಣ್ಣ ತಿರುಗುವುದಕ್ಕೆ ಸಿದ್ದಾಪುರ, ಯಲ್ಲಾಪುರದ ಕಡೆ ಬೇರೆಯೇ ಮಾತಿದೆಯೇ? ನಿಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಅಡಿಕೆ ಸುಲಿಯುವ ಮನೆಯಲ್ಲಿ ‘ಕಂದಿಸು’ಗಿಂತ ಒಳ್ಳೇ ಪದ ಇದ್ದರೆ ಅದನ್ನೇ ಬರೆಯುತ್ತೇನೆ.