ಅಪ್ಪನ ಎಂಆರ್‌ಐನಲ್ಲಿ ಬಿಳಿ ಚುಕ್ಕೆ, ಜೊತೆಗೆ ‘ಉರಿಯೂತ’ ಅಂತಾರೆ. ಏನು ಮಾಡೋದು?

ಪ್ರಶ್ನೆ (ಬನಶಂಕರಿಯಿಂದ):
ಡಾಕ್ಟ್ರೇ, ನಮಸ್ಕಾರ. ನಮ್ಮಪ್ಪನಿಗೆ 71 ವರ್ಷ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. 15 ವರ್ಷದಿಂದ ಬಿಪಿ ಇದೆ, ಮಾತ್ರೆ ನೆನಪಾದಾಗ ನುಂಗುತ್ತಾರೆ. ಆರು ತಿಂಗಳಿಂದ ನಡಿಗೆ ಬದಲಾಗಿದೆ. ಕಾಲು ಎತ್ತಿ ಇಡುವುದಿಲ್ಲ, ಎಳೆದುಕೊಂಡು ಹೋಗುತ್ತಾರೆ. ಹೊಸ್ತಿಲ ಹತ್ತಿರ ಬಂದರೆ ಹಾಗೇ ನಿಂತುಬಿಡುತ್ತಾರೆ. ಮೊನ್ನೆ ತರಕಾರಿ ಗಾಡಿಯ ಹತ್ತಿರ 140 ರೂಪಾಯಿಗೆ 200 ಕೊಟ್ಟು, ಎಷ್ಟು ವಾಪಸ್ ಬರಬೇಕು ಅಂತ ತುಂಬಾ ಹೊತ್ತು ಯೋಚನೆ ಮಾಡಿದರು. ಕೊನೆಗೆ ಸರಿಯಾಗೇ ಹೇಳಿದರು. ಆದರೆ ಗಾಡಿಯವನೂ ನಾನೂ ಮುಖ ಮುಖ ನೋಡಿಕೊಳ್ಳುವಷ್ಟು ಹೊತ್ತಾಯಿತು.

ಎಂಆರ್‌ಐ ರಿಪೋರ್ಟಿನಲ್ಲಿ ‘ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್, ಫಜೆಕಾಸ್ ಗ್ರೇಡ್ 2, ಒಂದು ಹಳೆಯ ಲಾಕ್ಯೂನ್’ ಅಂತ ಬರೆದಿದ್ದಾರೆ. ರಕ್ತದಲ್ಲಿ ಎಚ್‌ಎಸ್-ಸಿಆರ್‌ಪಿ (ಉರಿಯೂತದ ಸುಳಿವು ಕೊಡುವ ಪರೀಕ್ಷೆ) 4.8 ಇದೆ. ಇದು ಮೆದುಳಿನ ಉರಿಯೂತ, ಅರಿಶಿನದ ಕ್ಯಾಪ್ಸೂಲೂ ನೋವಿನ ಮಾತ್ರೆಯೂ ಶುರು ಮಾಡು ಅಂತ ನೆಂಟರೊಬ್ಬರು ಹೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ (ನರರೋಗ ವೈದ್ಯರು):
ನೋವಿನ ಮಾತ್ರೆ ಬೇಡ. ಕಾರಣ ಆಮೇಲೆ ಹೇಳುತ್ತೇನೆ.

ನೀವು ಬರೆದ ಚಿಲ್ಲರೆಯ ಮಾತು ನನಗೆ ರಿಪೋರ್ಟಿಗಿಂತ ಜಾಸ್ತಿ ಹೇಳಿತು. ಅಪ್ಪನ ಲೆಕ್ಕ ತಪ್ಪಲಿಲ್ಲ, ತಡವಾಯಿತು. ರಿಪೋರ್ಟಿನ ‘ಸ್ಮಾಲ್ ವೆಸೆಲ್’, ಅಂದರೆ ಸಣ್ಣ ರಕ್ತನಾಳದ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೀಗೇ ಆಗುತ್ತದೆ. ಅಲ್ಝೈಮರ್‌ನಲ್ಲಿ ಬೆಳಿಗ್ಗೆ ತಿಂದ ತಿಂಡಿಯೇ ಮರೆತುಹೋಗಬಹುದು. ಇಲ್ಲಿ ನೆನಪು ಇರುತ್ತದೆ, ಹೊರಗೆ ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಜೊತೆಗೆ ನಡಿಗೆ ನಿಧಾನ, ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ. ಎರಡಕ್ಕೂ ಕಾರಣ ಒಂದೇ. ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ತಂತಿಗಳೆಲ್ಲ ಒಳಗಿನ ಬಿಳಿ ಭಾಗದಲ್ಲಿವೆ. ಆ ಜಾಗಕ್ಕೆ ರಕ್ತ ಕೊಡುವುದು ಒಂದು ಮಿಲಿಮೀಟರಿಗಿಂತ ಸಣ್ಣ ನಾಳಗಳು. ಒಂದು ನಾಳ ಕೆಟ್ಟರೆ ಪಕ್ಕದ್ದು ಅದರ ಕೆಲಸ ವಹಿಸಿಕೊಳ್ಳುವುದು ಕಷ್ಟ.

ರಿಪೋರ್ಟಿನ ಪದಗಳಿಗೆ ಹೆದರಬೇಡಿ. ಬಿಳಿ ಚುಕ್ಕೆ ಎಷ್ಟಿದೆ ಅಂತ 0ರಿಂದ 3ರವರೆಗೆ ಅಂಕ ಕೊಡುವ ಪದ್ಧತಿಯೇ ಫಜೆಕಾಸ್. 1987ರಲ್ಲಿ ಬಂತು, ಇವತ್ತಿಗೂ ಬಳಸುತ್ತೇವೆ. 2 ಅಂದರೆ ಬಿಡಿ ಬಿಡಿ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಳ್ಳಲು ಶುರುವಾಗಿವೆ ಅಂತ. ಲಾಕ್ಯೂನ್ ಅಂದರೆ ಹಿಂದೆ ಯಾವಾಗಲೋ ಒಂದು ಸಣ್ಣ ನಾಳ ಮುಚ್ಚಿಹೋಗಿ ಉಳಿದ ಪುಟ್ಟ ಗುಂಡಿ. ಎಷ್ಟೋ ಸಲ ಆ ಹೊತ್ತಿನಲ್ಲಿ ಮನೆಯವರಿಗೆ ಏನೂ ಗೊತ್ತಾಗಿರುವುದಿಲ್ಲ.

ಈಗ ಉರಿಯೂತದ ವಿಷಯ. ಅದು ಇದೆಯಾ? ಇದೆ. ಆದರೆ ಗಾಯ ಆದಾಗ ಕೆಂಪಗೆ ಊದಿಕೊಳ್ಳುವ ಥರದ್ದಲ್ಲ.

ಹಳೇ ಮನೆಯಲ್ಲಿದ್ದವರಿಗೆ ಗೋಡೆಯ ತೇವ ಗೊತ್ತಿರುತ್ತದೆ. ಗೋಡೆಯೊಳಗಿನ ಪೈಪಿನ ಜಾಯಿಂಟಿನಲ್ಲಿ ನೀರು ಜಿನುಗುತ್ತಿರುತ್ತದೆ, ಹೊರಗೆ ಗಾರೆ ಉಬ್ಬಿ ಸುಣ್ಣ ಪುಡಿಪುಡಿಯಾಗುತ್ತದೆ. ಮೆದುಳಿನ ಸಣ್ಣ ನಾಳದಲ್ಲೂ ಹೆಚ್ಚುಕಡಿಮೆ ಹೀಗೇ. ನಾಳದ ಒಳಪದರದ ಕೋಶಗಳು ಸಂದಿಲ್ಲದ ಹಾಗೆ ಒಂದಕ್ಕೊಂದು ಬಿಗಿಯಾಗಿ ಜೋಡಿಸಿಕೊಂಡಿರುತ್ತವೆ. ರಕ್ತದಲ್ಲಿ ಇರುವುದೆಲ್ಲ ಮೆದುಳಿಗೆ ನುಗ್ಗಬಾರದು ಅಂತ ಇರುವ ಕಾವಲು ಅದು. ವರ್ಷಗಟ್ಟಲೆ ಬಿಪಿಯ ಏಟು, ಶುಗರ್, ಸಿಗರೇಟಿನ ಹೊಗೆ ಬಿದ್ದು ಬಿದ್ದು ಆ ಪದರ ಹಾಳಾಗುತ್ತದೆ. ನುಣ್ಣಗಿರಬೇಕಾದ ಜಾಗ ಅಂಟಂಟಾಗುತ್ತದೆ. ಬಿಳಿ ರಕ್ತಕಣಗಳು ಬಂದು ಅಲ್ಲಿ ಕಚ್ಚಿಕೊಳ್ಳುತ್ತವೆ. ಸಂದಿ ಬಿಡುತ್ತದೆ. ಫೈಬ್ರಿನೋಜನ್‌ನಂಥ ರಕ್ತದ ಪ್ರೋಟೀನುಗಳು ಮೆದುಳಿಗೆ ಜಿನುಗುತ್ತವೆ.

ಮೆದುಳಿಗೆ ತನ್ನದೇ ಕಾವಲು ಕೋಶಗಳಿವೆ, ಮೈಕ್ರೋಗ್ಲಿಯಾ ಅಂತ. ಹೊರಗಿನ ಪ್ರೋಟೀನು ಕಂಡ ಕೂಡಲೇ ಅವು ಎಚ್ಚೆತ್ತು ರಾಸಾಯನಿಕಗಳನ್ನು ಬಿಡುತ್ತವೆ. ಒಂದೆರಡು ದಿನದ ಮಾತಾದರೆ ಒಳ್ಳೆಯದೇ. ವರ್ಷಗಟ್ಟಲೆ ನಡೆದರೆ ನರತಂತಿಗಳ ಮೇಲಿನ ಕೊಬ್ಬಿನ ಹೊದಿಕೆ ಸವೆಯುತ್ತದೆ, ನಾಳದ ಗೋಡೆ ಇನ್ನಷ್ಟು ಸಡಿಲವಾಗುತ್ತದೆ, ಮತ್ತೆ ಜಿನುಗುತ್ತದೆ. ಇದೊಂದು ಸುತ್ತು. ಈ ಸುತ್ತಿನಲ್ಲಿ ಮೊದಲು ಬಂದದ್ದು ಉರಿಯೂತವೋ ಸೋರಿಕೆಯೋ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ.

ಪ್ರತಿಕ್ರಿಯೆ (ರಾಜಾಜಿನಗರದಿಂದ):
ಸರ್, ಹಾಗಾದರೆ ಉರಿಯೂತ ಇಳಿಸುವ ಮಾತ್ರೆ ಕೊಟ್ಟರೆ ಈ ಸುತ್ತು ನಿಲ್ಲಬೇಕಲ್ವಾ?

ಉತ್ತರ:
ಹಾಗೆ ಅನ್ನಿಸುವುದು ಸಹಜ. ನಮಗೂ ಆ ಆಸೆ ಇತ್ತು, ಅದಕ್ಕೇ ಪರೀಕ್ಷೆಗಳು ನಡೆದವು. ಕೀಲು ಊದಿ ನೋಯುವ ಗೌಟ್‌ಗೆ ಕೊಡುವ ಕೊಲ್ಚಿಸಿನ್ ಅನ್ನುವ ಹಳೇ ಮಾತ್ರೆ ಹೃದಯದ ಕಾಯಿಲೆಯವರಿಗೆ ಉಪಯೋಗ ಆಗಿತ್ತು. ಸ್ಟ್ರೋಕ್ ಆದವರಿಗೂ ಆಗುತ್ತದಾ ಅಂತ ಎರಡು ದೊಡ್ಡ ಅಧ್ಯಯನ ಮಾಡಿದರು. ಒಂದು ಮುಖ್ಯವಾಗಿ ಯುರೋಪಿನಲ್ಲಿ, ಸುಮಾರು 3,100 ಜನ. ಇನ್ನೊಂದು ಚೀನಾದಲ್ಲಿ, 8,300ಕ್ಕಿಂತ ಜಾಸ್ತಿ ಜನ, ಅದೂ ಸಿಆರ್‌ಪಿ 2 ಅಥವಾ ಅದಕ್ಕಿಂತ ಹೆಚ್ಚಿದ್ದವರನ್ನೇ ಆರಿಸಿಕೊಂಡು. ಎರಡೂ 2024ರಲ್ಲಿ ಪ್ರಕಟವಾದವು. ನಾವು ಕಾಯುತ್ತಿದ್ದ ಲಾಭ ಎರಡರಲ್ಲೂ ಸಿಗಲಿಲ್ಲ. ಕೇಂಬ್ರಿಡ್ಜ್‌ನಲ್ಲಿ ಸಣ್ಣ ನಾಳದ ಕಾಯಿಲೆ ಇದ್ದವರಿಗೇ ಮೂರು ತಿಂಗಳು ಮಿನೋಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ ಕೊಟ್ಟು, ಮೆದುಳಿನ ಸ್ಕ್ಯಾನ್ ಮಾಡಿ ನೋಡಿದರು. ಅಲ್ಲೂ ಉರಿಯೂತವೋ ಸೋರಿಕೆಯೋ ತಗ್ಗಿದ್ದು ಕಾಣಲಿಲ್ಲ. ಹಾಗಂತ ಬಾಗಿಲು ಮುಚ್ಚಿಲ್ಲ, ಹುಡುಕಾಟ ನಡೆಯುತ್ತಿದೆ. ಆದರೆ ಇವತ್ತು ನಿಮ್ಮ ಮನೆಯ ಹಿರಿಯರಿಗೆ ಬರೆದುಕೊಡುವಂಥ ಉರಿಯೂತದ ಮಾತ್ರೆ ನನ್ನ ಹತ್ತಿರ ಇಲ್ಲ.

ನೋವಿನ ಮಾತ್ರೆಗಳಂತೂ ಬಿಪಿ ಏರಿಸುತ್ತವೆ, ಕಿಡ್ನಿಗೆ ಹೊರೆ, ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಹುದು. ಯಾವುದು ಈ ನಾಳಗಳನ್ನು ಹಾಳು ಮಾಡಿತೋ ಅದನ್ನೇ ಹೆಚ್ಚಿಸಿದ ಹಾಗೆ. ಅರಿಶಿನ ಸಾರಿಗೆ, ಪಲ್ಯಕ್ಕೆ ಹಾಕಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಕ್ಯಾಪ್ಸೂಲ್ ಬೇರೆ ವಿಷಯ. ಅದರಿಂದ ಲಿವರ್‌ಗೆ ಪೆಟ್ಟಾದವರಿದ್ದಾರೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಂತೂ ಕೇಳದೆ ಮುಟ್ಟಲೇಬಾರದು.

ಪ್ರಶ್ನೆ (ಬನಶಂಕರಿಯಿಂದ):
ಸಿಆರ್‌ಪಿ 4.8 ಅನ್ನುವುದಕ್ಕೆ ಹಾಗಾದರೆ ಅರ್ಥ ಏನು?

ಉತ್ತರ:
ಹೃದಯದ ಲೆಕ್ಕದಲ್ಲಿ 3ಕ್ಕಿಂತ ಮೇಲಿದ್ದರೆ ಅಪಾಯ ಜಾಸ್ತಿ ಅನ್ನುತ್ತೇವೆ. ಆದರೆ ನೆಗಡಿ, ಹಲ್ಲಿನ ಕೀವು, ಮಂಡಿ ನೋವು, ಬೊಜ್ಜು, ಇದರಲ್ಲಿ ಯಾವುದಿದ್ದರೂ ಅದು ಏರುತ್ತದೆ. ಅದು ಇಡೀ ದೇಹದ ಸುದ್ದಿ, ಮೆದುಳಿನ ನಾಳದ್ದೇ ಅಲ್ಲ. ಸಣ್ಣ ನಾಳದ ಕಾಯಿಲೆಯ ಜೊತೆ ಸಿಆರ್‌ಪಿಗೆ ಇರುವ ನಂಟು ಒಂದು ಅಧ್ಯಯನದಲ್ಲಿ ಕಂಡರೆ ಇನ್ನೊಂದರಲ್ಲಿ ಕಾಣುವುದಿಲ್ಲ. ನಾಳದ ಗೋಡೆಗೇ ಸಂಬಂಧಿಸಿದ, ರಕ್ತದಲ್ಲಿ ಅಳೆಯುವ ಹೋಮೋಸಿಸ್ಟೀನ್‌ನಂಥ ಗುರುತುಗಳ ನಂಟು ಅದಕ್ಕಿಂತ ಗಟ್ಟಿ. ಸಿಆರ್‌ಪಿಯನ್ನು ತಿಂಗಳಿಗೊಮ್ಮೆ ಮಾಡಿಸುತ್ತಾ ಕೂರಬೇಡಿ. ಆ ದುಡ್ಡಲ್ಲಿ ತೋಳಿಗೆ ಕಟ್ಟುವ ಬಿಪಿ ಮೆಷಿನ್ ತನ್ನಿ.

ಅಪ್ಪನ ವಿಷಯದಲ್ಲಿ ನನಗೆ ನಿಜಕ್ಕೂ ಚಿಂತೆ ಆಗಿದ್ದು ‘ನೆನಪಾದಾಗ ನುಂಗುತ್ತಾರೆ’ ಅನ್ನುವ ಮಾತು. 2019ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಮೇಲಿನ ಬಿಪಿಯನ್ನು 140ರ ಬದಲು 120ರ ಕೆಳಗೆ ಇಳಿಸಲು ಹೊರಟ ಗುಂಪಿನಲ್ಲಿ ಬಿಳಿ ಚುಕ್ಕೆ ಬೆಳೆದದ್ದು ಕಡಿಮೆ, ನೆನಪು, ಯೋಚನೆ ಸ್ವಲ್ಪ ಕುಂದಿದ್ದು ಕಂಡದ್ದೂ ಕಡಿಮೆ. ಲಾಕ್ಯೂನ್ ಥರದ ಸ್ಟ್ರೋಕ್ ಆದ 3,020 ಜನರ ಇನ್ನೊಂದು ಅಧ್ಯಯನದಲ್ಲಿ ಬಿಪಿ 130ರ ಒಳಗಿಡಲು ಹೊರಟ ಗುಂಪಿಗೆ ಮೆದುಳಿನ ರಕ್ತಸ್ರಾವ ಅರ್ಧಕ್ಕಿಂತ ಕಡಿಮೆ ಆಯಿತು. ಪೈಪಿನ ಒತ್ತಡ ಇಳಿಸದೆ ಗೋಡೆಗೆ ಬಣ್ಣ ಬಳಿದರೆ ಎಷ್ಟು ದಿನ ನಿಲ್ಲುತ್ತದೆ ಹೇಳಿ.

ಪ್ರತಿಕ್ರಿಯೆ (ಮಲ್ಲೇಶ್ವರದಿಂದ):
ನನ್ನ ಅತ್ತಿಗೆಗೆ ‘ಮೆದುಳಿನ ರಕ್ತನಾಳದ ಉರಿಯೂತ’ ಅಂತ ಸ್ಟೀರಾಯ್ಡ್ ಕೊಟ್ಟರು, ಗುಣವಾಯಿತು. ಅವರಿಗೆ ಆಗಿದ್ದು ಇವರಿಗೆ ಯಾಕೆ ಆಗಲ್ಲ?

ಉತ್ತರ:
ಒಳ್ಳೆಯದಾಯಿತು, ಕೇಳಿ ಸಂತೋಷ. ಅವರದ್ದು ವ್ಯಾಸ್ಕ್ಯುಲೈಟಿಸ್ ಇರಬೇಕು. ಅದರಲ್ಲಿ ರೋಗನಿರೋಧಕ ಶಕ್ತಿಯೇ ನೇರವಾಗಿ ನಾಳದ ಮೇಲೆ ದಾಳಿ ಮಾಡುತ್ತದೆ. ವಾರ ತಿಂಗಳುಗಳಲ್ಲಿ ತಲೆನೋವು, ಫಿಟ್ಸ್, ಗೊಂದಲ ಶುರುವಾಗುತ್ತದೆ. ಅಲ್ಲಿ ಸ್ಟೀರಾಯ್ಡ್ ಜೀವ ಉಳಿಸುತ್ತದೆ. ವಯಸ್ಸು ಮತ್ತು ಬಿಪಿಯಿಂದ ವರ್ಷಗಟ್ಟಲೆ ನಿಧಾನವಾಗಿ ಬಂದದ್ದಕ್ಕೆ ಅದೇ ಸ್ಟೀರಾಯ್ಡ್ ಕೊಟ್ಟರೆ ಶುಗರ್, ಬಿಪಿ ಎರಡೂ ಏರಿ ಕೆಡುಕೇ ಆಗುತ್ತದೆ. ಪದ ಒಂದೇ, ಕಾಯಿಲೆ ಬೇರೆ. ಇದೊಂದು ಗೊಂದಲದಿಂದ ಎಷ್ಟೋ ಮನೆಯಲ್ಲಿ ತಪ್ಪು ಔಷಧಿ ನಡೆಯುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ (ಯಲಹಂಕದಿಂದ):
ವಂಶದಲ್ಲಿ ಬರುತ್ತಾ ಇದು?

ಉತ್ತರ:
ಸಾಮಾನ್ಯವಾಗಿ ಇಲ್ಲ. ಕಡಾಸಿಲ್ ಅಂತ ಒಂದು ಅಪರೂಪದ ಕಾಯಿಲೆ ಇದೆ, ನಾಚ್3 ಅನ್ನುವ ಜೀನಿನ ದೋಷದಿಂದ ಬರುತ್ತದೆ. 40-50ರ ವಯಸ್ಸಿಗೇ ಸ್ಟ್ರೋಕ್, ಮನೆಯಲ್ಲಿ ಹಲವರಿಗೆ ಮೈಗ್ರೇನ್ ಇದ್ದರೆ ನಿಮ್ಹಾನ್ಸ್‌ನಂಥ ಕಡೆ ತೋರಿಸಿ.

ಪ್ರಶ್ನೆ (ಬನಶಂಕರಿಯಿಂದ, ಎರಡು ವಾರದ ನಂತರ):
ಡಾಕ್ಟ್ರೇ, ಮೆಷಿನ್ ತಂದೆವು. ಮಾತ್ರೆ ಡಬ್ಬಿಗೆ ವಾರದ ಹೆಸರು ಬರೆದಿದ್ದೇನೆ, ಈಗ ತಪ್ಪುತ್ತಿಲ್ಲ. ಬೆಳಿಗ್ಗೆ 148ರಿಂದ 154, ಸಂಜೆ 132ರಿಂದ 136. ಉಪ್ಪು ಕಡಿಮೆ ಮಾಡಿದೆ, ಆದರೆ ಉಪ್ಪಿನಕಾಯಿ ಬಾಟಲಿ ಎತ್ತಿಟ್ಟಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಉಪ್ಪಿಗೂ ಉರಿಯೂತಕ್ಕೂ ಏನಾದರೂ ಸಂಬಂಧ ಇದೆಯಾ?

ಉತ್ತರ:
ಇದೆ ಅನ್ನುವ ಸುಳಿವಿದೆ. 2018ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ಇಲಿಗಳಿಗೆ ತುಂಬಾ ಉಪ್ಪಿನ ಆಹಾರ ಕೊಟ್ಟರು. ಕರುಳಿನಲ್ಲಿ ಒಂದು ಜಾತಿಯ ಬಿಳಿ ರಕ್ತಕಣ ಹೆಚ್ಚಿತು. ಅವು ಬಿಟ್ಟ ಉರಿಯೂತದ ರಾಸಾಯನಿಕದಿಂದ ಮೆದುಳಿನ ನಾಳಗಳು ಸರಿಯಾಗಿ ಹಿಗ್ಗಲಾರದೆ, ಇಲಿಗಳ ಚುರುಕು ಕಡಿಮೆಯಾಯಿತು. ಇದು ಬಿಪಿ ಏರದೇ ಇದ್ದಾಗಲೂ ಕಂಡಿತು. ಇಲಿಯ ಮಾತು ಮನುಷ್ಯರಿಗೆ ಹಾಗೇ ಹೊಂದಬೇಕು ಅಂತಿಲ್ಲ. ಆದರೂ ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅಂದರೆ ಸುಮಾರು ಒಂದು ಚಹಾ ಚಮಚ. ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ ಎಲ್ಲ ಸೇರಿ. ಬಾಟಲಿ ಪೂರ್ತಿ ಎತ್ತಿಡಬೇಡಿ. ಭಾನುವಾರ ಒಂದು ಹೋಳು ಮಾವಿನಕಾಯಿ ಬಡಿಸಿ, ಅವರಿಗೂ ಸಮಾಧಾನವಾಗುತ್ತದೆ.

ಬೆಳಗಿನ ಬಿಪಿ ಇನ್ನೂ ಜಾಸ್ತಿಯೇ ಇದೆ. ಈ ಅಂಕಿಗಳನ್ನು ಚೀಟಿಯಲ್ಲಿ ಬರೆದು ನಿಮ್ಮ ಡಾಕ್ಟರಿಗೆ ತೋರಿಸಿ, ಮಾತ್ರೆಯ ಹೊತ್ತೋ ಪ್ರಮಾಣವೋ ಅವರು ಬದಲಿಸುತ್ತಾರೆ. ನೀವೇ ಹೆಚ್ಚಿಸಬೇಡಿ. ಕೂತಾಗ ಒಂದು ಸಲ, ಎದ್ದು ನಿಂತ ಮೂರು ನಿಮಿಷಕ್ಕೆ ಇನ್ನೊಂದು ಸಲ ಅಳೆಯಿರಿ. ನಿಂತಾಗ 20ಕ್ಕಿಂತ ಜಾಸ್ತಿ ಇಳಿದರೆ ಅದನ್ನೂ ಬರೆದಿಡಿ, ಬೀಳುವ ಅಪಾಯ ಅಲ್ಲೇ ಇರುವುದು. ರಾತ್ರಿ ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ನಿಂತ ಹಾಗೆ ಆಗುತ್ತದಾ ಅಂತ ಅಮ್ಮನನ್ನು ಕೇಳಿ. ಬೆಳಗಿನ ಬಿಪಿ ಇಳಿಯದೇ ಇರುವುದಕ್ಕೆ ಎಷ್ಟೋ ಸಲ ಅದೇ ಕಾರಣ.

ಹೊಸ್ತಿಲ ಹತ್ತಿರದ ಕಾಲೊರಸು ಇವತ್ತೇ ತೆಗೆಯಿರಿ. ಅಲ್ಲಿ ನೆಲಕ್ಕೆ ಒಂದೊಂದು ಅಡಿಗೆ ಅಡ್ಡಡ್ಡ ಬಣ್ಣದ ಟೇಪು ಅಂಟಿಸಿ, ‘ಗೆರೆ ದಾಟಿ ಅಪ್ಪಾ’ ಅನ್ನಿ. ಕೆಲವರಿಗೆ ಕಾಲು ಏಳುವುದಕ್ಕೆ ಅಷ್ಟೇ ಸಾಕಾಗುತ್ತದೆ. ಮುಂದಿನ ವಾರ ಹೇಗಾಯಿತು ಅಂತ ಇಲ್ಲೇ ಬರೆಯಿರಿ.