ಹೊಸ ಕಸ್ಟಮ್ ಪೆಡಲ್ ಸ್ಟೀಲ್, ಟ್ಯೂನ್ ನಿಲ್ಲುತ್ತಲೇ ಇಲ್ಲ. ತಲೆ ಕೆಟ್ಟಿದೆ

ಹತ್ತುತಂತಿ
ಹದಿನಾಲ್ಕು ತಿಂಗಳು ಕಾದು ಮಾಡಿಸಿಕೊಂಡ ಪೆಡಲ್ ಸ್ಟೀಲ್ ಗಿಟಾರ್ ಇದು, ಮೇಜಿನ ಹಾಗೆ ನಿಲ್ಲಿಸಿಕೊಂಡು, ಪೆಡಲ್ ಲಿವರ್‌ಗಳಿಂದ ತಂತಿಯ ಸ್ವರ ಏರಿಸಿ ಇಳಿಸಿ ನುಡಿಸುವಂಥದ್ದು. ಸಿಂಗಲ್ ನೆಕ್ (ಹತ್ತು ತಂತಿಯ ಒಂದೇ ಸಾಲು), ಇ9 ಶ್ರುತಿ, ಮೂರು ಪೆಡಲ್, ಐದು ಮೊಣಕಾಲು ಲಿವರ್. ನೋಡಲು ಕಣ್ಣಿಗೆ ಹಬ್ಬ, ನುಡಿಸಲು ಕೂತರೆ ತಲೆನೋವು. ಟ್ಯೂನ್ ಮಾಡುತ್ತೇನೆ, ಒಂದು ಹಾಡು ಮುಗಿಯುವುದರೊಳಗೆ ಕೆಟ್ಟಿರುತ್ತದೆ. ಮೊದಲ ತಿಂಗಳು ಚೆನ್ನಾಗಿಯೇ ಇತ್ತು. ಮಾಡಿಕೊಟ್ಟವರಿಗೆ ಬರೆದೆ. "ಇಲ್ಲಿಂದ ಹೊರಡುವಾಗ ಸರಿಯಾಗಿತ್ತು" ಎಂದು ಒಂದೇ ಸಾಲಿನ ಉತ್ತರ ಬಂತು. ನಾನು ಏನನ್ನೂ ಮುಟ್ಟಿಲ್ಲ. ಇಷ್ಟು ದಿನ ಕಾದಿದ್ದು ಇದಕ್ಕೇನಾ? ಯಾರಿಗಾದರೂ ಹೀಗೆ ಆಗಿದೆಯಾ?

ಮೇಪಲ್‌ಪ್ರಿಯ
ಕ್ಯಾಬಿನೆಟ್ ಡ್ರಾಪ್. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಪೆಡಲ್ ಒತ್ತಿದಾಗ ಮರದ ಮೈ ಕೂದಲೆಳೆಯಷ್ಟು ಬಾಗುತ್ತದೆ. ಆ ಪೆಡಲ್ ಎಳೆಯದೇ ಇರುವ ತಂತಿಗಳೂ ಆಗ ಸ್ವಲ್ಪ ಇಳಿಯುತ್ತವೆ. ಎ ಮತ್ತು ಬಿ ಪೆಡಲ್ ಎರಡನ್ನೂ ಒತ್ತಿ ಹಿಡಿದು 4ನೇ ತಂತಿ ಮೀಟಿ, ಶ್ರುತಿ ತೋರಿಸುವ ಮೀಟರ್ ನೋಡಿ. ಹೊಸ ಸ್ಟೀಲ್‌ಗಳಲ್ಲಿ ಮರದ ಆಯ್ಕೆಯೇ ಸರಿ ಇರುವುದಿಲ್ಲ.

ಕಿವಿಯೇಗುರು
ಮೀಟರ್ ನೋಡಿ ಟ್ಯೂನ್ ಮಾಡಿದರೆ ಇನ್ನೇನಾಗುತ್ತದೆ? ಎಲ್ಲಾ ತಂತಿಯನ್ನೂ ನಡುಗೆರೆಗೆ ತಂದಿರುತ್ತೀರಿ, ಅಲ್ವಾ? ಇ ಮೇಲೆ ಜಿ ಶಾರ್ಪ್ ಶುದ್ಧವಾಗಿ ಕೂರಬೇಕಾದರೆ ನಡುಗೆರೆಗಿಂತ 14 ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಕೆಳಗಿರಬೇಕು. ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರ ಅದು. ಸ್ಟೀಲ್‌ನಲ್ಲಿ ಸ್ವರ ಎಳೆದು ನಿಲ್ಲಿಸುತ್ತೇವೆ, ಗಿಟಾರಿನ ಹಾಗೆ ಮೀಟಿ ಬಿಡುವುದಿಲ್ಲ. ಅದಕ್ಕೇ ತಪ್ಪು ಎದ್ದು ಕೇಳಿಸುತ್ತದೆ.

ರಾಡುರಿಪೇರಿ
ಸಾರ್, ಯಾವ ತಂತಿ? ಏರುತ್ತದಾ, ಇಳಿಯುತ್ತದಾ? ಪೆಡಲ್ ಒತ್ತಿ ಹಿಡಿದಾಗಲೋ, ಬಿಟ್ಟ ಮೇಲೋ? ತಂತಿಯನ್ನು ಬಿಗಿಸಿ ಸಡಿಲಿಸುವ ಚೇಂಜರ್ ಯಾವುದು, ರಾಡು ಬರೀ ಎಳೆಯುವ ಆಲ್-ಪುಲ್ಲಾ, ತಳ್ಳಿಯೂ ಎಳೆಯುವ ಪುಶ್-ಪುಲ್ಲಾ? "ಟ್ಯೂನ್ ನಿಲ್ಲುತ್ತಿಲ್ಲ" ಅಂದರೆ ಏನೆಂದು ಹೇಳುವುದು?

ಹತ್ತುತಂತಿ
ನಿಲ್ಲುತ್ತಿಲ್ಲ ಅಂದರೆ ನಿಲ್ಲುತ್ತಿಲ್ಲ, ಇನ್ನೇನು! ಆಲ್-ಪುಲ್. ಜಾಸ್ತಿ ಕಾಡುವುದು 6ನೇ ತಂತಿ. ಜಿ ಶಾರ್ಪ್ ಇದ್ದದ್ದು ಕೆಳಗೆ ಇಳಿದಿರುತ್ತದೆ. ಮೀಟರ್ ವಿಷಯ ಬಿಡಿ, ಗಾಂಧಾರ ನನಗೂ ಗೊತ್ತು. 14 ಬೇಕಾದ ಕಡೆ 14 ಇಟ್ಟರೆ ಅದು 22 ಆಗಿ ಕೂತಿರುತ್ತದೆ.

@ಮೇಪಲ್‌ಪ್ರಿಯ, ನೀವು ಹೇಳಿದ ಹಾಗೆ ನೋಡಿದೆ. 4ನೇ ತಂತಿ 2 ಸೆಂಟ್ ಇಳಿಯುತ್ತದೆ. ಬಿಟ್ಟ ತಕ್ಷಣ ವಾಪಸ್ ಬರುತ್ತದೆ.

ಮೇಪಲ್‌ಪ್ರಿಯ
ನೋಡಿದಿರಾ! ಇದೆ! ಈಗ ಕಾಲುಗಳನ್ನು ಬಿಚ್ಚಿ ಮತ್ತೆ ಬಿಗಿ ಮಾಡಿ. ಎರಡೂ ತುದಿಯ ಎಂಡ್‌ಪ್ಲೇಟ್ ಸ್ಕ್ರೂ ಬಿಗಿ ಮಾಡಿ. ದಪ್ಪ ಕಾರ್ಪೆಟ್ ಮೇಲೆ ಇಟ್ಟಿದ್ದರೆ ತೆಗೆದು ಗಟ್ಟಿ ನೆಲದ ಮೇಲೆ ಇಡಿ. ಪೆಡಲ್ ರಾಡುಗಳು ನೆಟ್ಟಗೆ ನಿಂತಿವೆಯಾ ನೋಡಿ, ಓರೆಯಾಗಿದ್ದರೆ ಮೈಯನ್ನು ಪಕ್ಕಕ್ಕೆ ಎಳೆಯುತ್ತವೆ.

ರಾಡುರಿಪೇರಿ
2 ಸೆಂಟ್ ಎಲ್ಲಾ ಸ್ಟೀಲ್‌ನಲ್ಲೂ ಇರುತ್ತದೆ ಮಾರಾಯ್ರೇ. ಡ್ರಾಪ್ ಆದರೆ ಪೆಡಲ್ ಬಿಟ್ಟ ಕೂಡಲೇ ಸ್ವರ ವಾಪಸ್ ಬರಬೇಕು. ಇವರ 6ನೇ ತಂತಿ ಬಿಟ್ಟ ಮೇಲೂ ಕೆಳಗೇ ಕೂತಿದೆ ಅನ್ನುತ್ತಿದ್ದಾರೆ. ಬೇರೆ ಕಾಯಿಲೆ ಇದು.

ಮೇಪಲ್‌ಪ್ರಿಯ
ಒಂದು ಇದ್ದರೆ ಇನ್ನೊಂದು ಹಿಂದೆಯೇ ಬರುತ್ತದೆ. ಮೈ ಗಟ್ಟಿ ಇಲ್ಲದಿದ್ದರೆ ಯಾವುದೂ ನಿಲ್ಲುವುದಿಲ್ಲ. ಮೂವತ್ತು ಸ್ಟೀಲ್ ಅಳೆದಿದ್ದೇನೆ ನಾನು, ಪಟ್ಟಿ ಇಟ್ಟಿದ್ದೇನೆ.

ಹತ್ತುತಂತಿ
ಭಾನುವಾರ ಪೂರ್ತಿ ಇದರಲ್ಲೇ ಹೋಯಿತು. ಕಾಲು ಬಿಚ್ಚಿದೆ, ಬಿಗಿ ಮಾಡಿದೆ. ಎಂಡ್‌ಪ್ಲೇಟ್ ಬಿಗಿ ಮಾಡಿದೆ. ಕಾರ್ಪೆಟ್ ಇರಲೇ ಇಲ್ಲ. ರಾಡು ಜೋಡಿಸುವಾಗ ಎ ಪೆಡಲ್ಲಿನದನ್ನು ಎಡತುದಿಗೆ ಸಿಕ್ಕಿಸಿ ಒಂದು ಸಲ ಮೋಸ ಹೋದೆ, ನನ್ನದರಲ್ಲಿ ಎ ಬಲಕ್ಕಿದೆ. ಫಲಿತಾಂಶ: ಅದೇ 2 ಸೆಂಟ್, ಅದೇ 6ನೇ ತಂತಿ. ಬೆನ್ನು ನೋವು ಮಾತ್ರ ಹೊಸದು.

ಸಲಾಕೆ
ಎ ಬಲಕ್ಕಾ? ಬಲದಿಂದ ಎ, ಬಿ, ಸಿ ಇರುವ ಡೇ ಸೆಟಪ್ಪಾ? ಹೊಸದಾಗಿ ಮಾಡಿಸುವಾಗ ಯಾಕೆ ಸಾರ್ ಅದನ್ನು ತೆಗೆದುಕೊಂಡಿರಿ? ಎಮನ್ಸ್ ಸೆಟಪ್‌ನಲ್ಲಿ ಎಡದಿಂದ ಎ, ಬಿ, ಸಿ. ಇರುವ ಪಾಠಗಳಲ್ಲಿ ಜಾಸ್ತಿ ಅದಕ್ಕೇ ಹೊಂದುತ್ತವೆ. ನಾಳೆ ಮಾರಲು ಹೋದರೂ ಕೊಳ್ಳುವವರು ಅದನ್ನೇ ಕೇಳುತ್ತಾರೆ.

ಕಿವಿಯೇಗುರು
ಸ್ಟೀಲ್ ವಾದಕ ಜಿಮ್ಮಿ ಡೇ ಹಾಗೇ ನುಡಿಸಿದ್ದು. ಅವರಿಗೆ ಕಲಿಯಲು ಬರಲಿಲ್ಲವಾ? ಬಿ ಒತ್ತಿಟ್ಟುಕೊಂಡೇ ಪಾದವನ್ನು ಹೊರಳಿಸಿ ಎ ಒತ್ತುವುದು ಕೆಲವರ ಕಣಕಾಲಿಗೆ ಆ ಕಡೆಯೇ ಸಲೀಸು. ಕಾಲು ಅವರದು, ಸ್ಟೀಲ್ ಅವರದು.

ಸಲಾಕೆ
ಸಲೀಸು ಅನ್ನುವುದು ಅಭ್ಯಾಸದ ಮಾತು. ಸ್ಟೀಲ್ ದಿಗ್ಗಜ ಬಡ್ಡಿ ಎಮನ್ಸ್ ಅಷ್ಟೆಲ್ಲಾ ಎಡದಿಂದಲೇ ಮಾಡಿದರು.

ಕಿವಿಯೇಗುರು
ಎಮನ್ಸ್ ಹೆಸರು ತೆಗೆದರೆ ವಾದ ಮುಗಿಯುತ್ತದಾ? ಇ9ಗೆ 1 ಮತ್ತು 2ನೇ ತಂತಿಗಳಾದ ಎಫ್ ಶಾರ್ಪ್, ಡಿ ಶಾರ್ಪ್ ಸೇರಿಸಿದ್ದೂ ಅವರೇ. ಅದಕ್ಕೆ ದೊಡ್ಡ ನಮಸ್ಕಾರ. ಪೆಡಲ್ ಜೋಡಣೆ ಧರ್ಮಗ್ರಂಥ ಏನಲ್ಲ.

ಡಬಲ್‌ನೆಕ್
ಸಿಂಗಲ್ ನೆಕ್ ಆರ್ಡರ್ ಮಾಡಿದ್ದೇ ಮೊದಲ ತಪ್ಪು ಅನ್ನಿಸುತ್ತದೆ 😀 ನನ್ನದು ಪುಶ್-ಪುಲ್ ಡಬಲ್ ನೆಕ್, ಎಂಟು ಪೆಡಲ್, ಹಿಂದಿನ ನೆಕ್ ಸಿ6 ಶ್ರುತಿ. ಕೇಸ್ ಸಮೇತ 30 ಕೆಜಿ ದಾಟುತ್ತದೆ, ಮೆಟ್ಟಿಲು ಹತ್ತಿಸುವಾಗ ದೇವರು ಕಾಣುತ್ತಾನೆ. ಆದರೆ ಆ ನಾದ! ವರ್ಷಕ್ಕೆ ಎರಡು ಸಲ ಟ್ಯೂನ್ ಮುಟ್ಟುತ್ತೇನೆ, ಅಷ್ಟೇ. ವಾಲ್ಯೂಮ್ ಪೆಡಲ್‌ಗೆ 500 ಕೆ ಪಾಟ್ ಹೊಸದು ಹಾಕಿದ್ದೇನೆ, ಫೋಟೋ ನಾಳೆ ಹಾಕುತ್ತೇನೆ.

ರಾಡುರಿಪೇರಿ
ವರ್ಷಕ್ಕೆ ಎರಡು ಸಲ ಟ್ಯೂನ್ ಮುಟ್ಟುವವರ ಪಕ್ಕ ಕೂತು ನುಡಿಸುವವರಿಗೆ ನನ್ನ ಸಂತಾಪ.

@ಹತ್ತುತಂತಿ, ಅವರ ಜಗಳ ಅವರು ಆಡಿಕೊಳ್ಳಲಿ. ಎರಡು ಪ್ರಶ್ನೆ. ಒಂದು, 6ನೇ ತಂತಿಗೆ ಬಿ ಪೆಡಲ್ ಬಿಟ್ಟು ಬೇರೆ ಏನು ಕಟ್ಟಿದೆ? ಎರಡು, ಯಾವುದನ್ನು ಬಳಸಿದ ಮೇಲೆ ಇಳಿದಿರುತ್ತದೆ?

ಹತ್ತುತಂತಿ
ಬಲಮೊಣಕಾಲನ್ನು ಎಡಕ್ಕೆ ತಳ್ಳುವ ಲಿವರ್ ಇದೆ. ಅದು 1ನೇ ತಂತಿಯನ್ನು ಜಿಗೆ ಏರಿಸುತ್ತದೆ, 6ನೆಯದನ್ನು ಎಫ್ ಶಾರ್ಪ್‌ಗೆ ಇಳಿಸುತ್ತದೆ. ನಾನೇ ಕೇಳಿ ಹಾಕಿಸಿದ್ದು. ಅದನ್ನು ಬಳಸಿ ಬಿಟ್ಟರೆ ಜಿ ಶಾರ್ಪ್ 5 ರಿಂದ 8 ಸೆಂಟ್ ಕೆಳಗೆ ಬಂದು ನಿಲ್ಲುತ್ತದೆ. ಪ್ರತಿ ಸಲ ಅಷ್ಟೇ ಅಲ್ಲ, ಒಮ್ಮೊಮ್ಮೆ ಒಂದೊಂದು ತರ. ಇನ್ನೊಂದು ವಿಚಿತ್ರ. ಲಿವರ್ ಬಳಸದಿದ್ದರೂ, ಬರೀ ವಾಲ್ಯೂಮ್ ಪೆಡಲ್ ಒತ್ತುವಾಗ ಸ್ವರ ಅಲುಗುತ್ತದೆ. ಅದಕ್ಕೆ ಪಿಕಪ್ಪೇ ಕೆಟ್ಟಿದೆಯೇನೋ ಅಂತಲೂ ಅನುಮಾನ.

ಸಲಾಕೆ
ನಟ್ ರೋಲರ್, ಕೀಲಿಗಳ ಕಡೆ ತಂತಿ ಹಾಯುವ ಪುಟ್ಟ ಚಕ್ರ. ಧೂಳು ಕೂತು ಸಿಕ್ಕಿಕೊಂಡಿದೆ. ಒಂದು ತೊಟ್ಟು ಎಣ್ಣೆ ಬಿಡಿ, ಮುಗಿಯಿತು.

ರಾಡುರಿಪೇರಿ
ರೋಲರ್ ಸಿಕ್ಕಿಕೊಂಡರೆ ಉಲ್ಟಾ ಆಗಬೇಕಲ್ಲ. ಚೇಂಜರ್ ಕಡೆಯಿಂದ ತಂತಿ ಸಡಿಲಿಸಿದಾಗ ಈಚೆಯಿಂದ ಸ್ವಲ್ಪ ತಂತಿ ನಟ್ ಆಚೆಗೆ ಸರಿಯಬೇಕು. ಮತ್ತೆ ಬಿಗಿಯಾದಾಗ ಅಷ್ಟೂ ಈಚೆಗೆ ಬರಬೇಕು. ರೋಲರ್ ತಡೆದರೆ ಬಿಗಿ ಈಚೆ ಕಡೆಯೇ ಉಳಿಯುತ್ತದೆ. ಅಂದರೆ ಇಳಿಸಿ ಬಿಟ್ಟ ಮೇಲೆ ಸ್ವರ ಮೇಲೆ ನಿಲ್ಲಬೇಕು. ಏರಿಸಿ ಬಿಟ್ಟ ಮೇಲೆ ಕೆಳಗೆ. ಇವರದು ಇಳಿಸಿ ಬಿಟ್ಟ ಮೇಲೂ ಕೆಳಗೇ ಇದೆ. ಆದ್ದರಿಂದ ಎಣ್ಣೆ ಡಬ್ಬಿ ಒಳಗಿಡಿ.

ವಾಲ್ಯೂಮ್ ಪೆಡಲ್ ವಿಷಯ ಹೇಳಿದಿರಲ್ಲ, ಅದೇ ಸುಳಿವು. ಬಲಪಾದ ವಾಲ್ಯೂಮ್ ಒತ್ತಿದಾಗ ಬಲಮೊಣಕಾಲು ಅಲ್ಲಾಡಿ ಲಿವರ್‌ಗೆ ಸವರುತ್ತದೆ. ಸರಿಯಾದ ಸ್ಟೀಲ್‌ನಲ್ಲಿ ಅಷ್ಟು ಸವರಿದರೆ ಏನೂ ಆಗಬಾರದು, ಯಾಕೆಂದರೆ ಲಿವರ್‌ನಿಂದ ಚೇಂಜರ್‌ಗೆ ಹೋಗುವ ರಾಡಿನಲ್ಲಿ ಸ್ವಲ್ಪ ಸಡಿಲ ಇರುತ್ತದೆ. ನಿಮ್ಮ ರಾಡಿನಲ್ಲಿ ಆ ಸಡಿಲ ಇಲ್ಲ ಅನ್ನಿಸುತ್ತಿದೆ. ಯಾರಾದರೂ ಆ ರಾಡಿನ ತುದಿಯ ನೈಲಾನ್ ಟ್ಯೂನರ್ (ಸ್ವರ ಹೊಂದಿಸುವ ತಿರುಪು) ತಿರುಗಿಸಿದ್ದಾರಾ?

ಹತ್ತುತಂತಿ
ಯಾರೂ ಇಲ್ಲ. ಅಂದರೆ… 6ನೇ ತಂತಿ ಬದಲಿಸಿದಾಗ ಎಫ್ ಶಾರ್ಪ್ ಪೂರ್ತಿ ಇಳಿಯುತ್ತಿರಲಿಲ್ಲ. ಅದಕ್ಕೆ ಆ ನೈಲಾನ್ ಒಂದೆರಡು ಸುತ್ತು ಬಿಗಿ ಮಾಡಿದೆ. ಅಷ್ಟೇ.

ರಾಡುರಿಪೇರಿ
"ಏನನ್ನೂ ಮುಟ್ಟಿಲ್ಲ" ಅಂದಿದ್ದಿರಲ್ಲಾ ಸಾರ್!

ಹತ್ತುತಂತಿ
ತಂತಿ ಬದಲಿಸುವುದು ಮುಟ್ಟಿದ ಹಾಗಾ? ಎಲ್ಲರೂ ಬದಲಿಸುತ್ತಾರಪ್ಪಾ. ಬಂದಾಗ .020 ಇಂಚಿನ ಪ್ಲೇನ್ (ಮೇಲೆ ಸುತ್ತಿಲ್ಲದ್ದು) ಇತ್ತು, ನಾದ ತೆಳು ಅನ್ನಿಸಿ .022 ವೌಂಡ್ (ಸುತ್ತು ಇರುವುದು) ಹಾಕಿದೆ.

ರಾಡುರಿಪೇರಿ
ಇದನ್ನು ಮೊದಲ ದಿನವೇ ಹೇಳಿದ್ದರೆ ನಿಮ್ಮ ಭಾನುವಾರ ಉಳಿಯುತ್ತಿತ್ತು.

ನಡೆದದ್ದು ಇಷ್ಟು. ವೌಂಡ್ ತಂತಿಯಲ್ಲಿ ಎಳೆತ ಹೊರುವುದು ಒಳಗಿನ ತೆಳು ತಂತಿ ಮಾತ್ರ. ಮೇಲಿನ ಸುತ್ತು ಬರೀ ಭಾರ. ಹಾಗಾಗಿ ಅಷ್ಟೇ ಸ್ವರ ಇಳಿಸಲು ಪ್ಲೇನ್ ತಂತಿಗಿಂತ ಜಾಸ್ತಿ ದೂರ ಸಡಿಲಿಸಬೇಕು. ನಿಮ್ಮ ಸ್ಟೀಲ್ ಕಟ್ಟಿದ್ದು .020 ಪ್ಲೇನ್ ಲೆಕ್ಕಕ್ಕೆ. ಲಿವರ್ ಓಡಾಟ ಸಾಲಲಿಲ್ಲ. ನೀವು ನೈಲಾನ್ ಬಿಗಿ ಮಾಡಿ ರಾಡಿನ ಸಡಿಲವನ್ನೆಲ್ಲಾ ತಿಂದಿರಿ. ಆಮೇಲೂ ಬಿಗಿ ಮಾಡಿದ್ದರಿಂದ ರಾಡು, ತಂತಿ ಹಿಡಿದಿರುವ ಚೇಂಜರ್ ಫಿಂಗರನ್ನು ಅದರ ಸ್ಟಾಪ್‌ನಿಂದ ಎಬ್ಬಿಸಿಯೇ ಹಿಡಿದಿದೆ. ಈಗ ನಿಮ್ಮ ತೆರೆದ (ಏನೂ ಒತ್ತದಿರುವಾಗಿನ) ಜಿ ಶಾರ್ಪ್ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡುತ್ತಿರುವುದು ಸ್ಟಾಪ್ ಅಲ್ಲ, ನಿಮ್ಮ ಮೊಣಕಾಲು.

ಸ್ಟೀಲನ್ನು ಮಗುಚಿ ಹಾಕಿ. 6ನೇ ತಂತಿಯ ಇಳಿಸುವ ರಾಡನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿ. ಪಕ್ಕದ ರಾಡುಗಳು ಟಿಕ್ ಟಿಕ್ ಅನ್ನುತ್ತವೆ, ಇದು ಅನ್ನುವುದಿಲ್ಲ, ನೋಡಿ. ಆಮೇಲೆ ನೆಟ್ಟಗೆ ನಿಲ್ಲಿಸಿ, ಮೀಟರ್ ಇಟ್ಟು, ತಂತಿ ಮೀಟುತ್ತಾ ಆ ನೈಲಾನ್ ನಿಧಾನ ಬಿಚ್ಚಿ. ಬಿಚ್ಚಿದಂತೆ ತೆರೆದ ಸ್ವರ ಮೇಲೇರುತ್ತದೆ. ಏರುವುದು ನಿಂತ ಜಾಗದಲ್ಲಿ ಫಿಂಗರ್ ಸ್ಟಾಪ್‌ಗೆ ಕೂತಿದೆ. ಅಲ್ಲಿಂದ ಇನ್ನೊಂದು ಕಾಲು ಸುತ್ತು ಬಿಚ್ಚಿ. ಈಗ ತೆರೆದ ಸ್ವರವನ್ನು ತಂತಿ ಬಿಗಿಸುವ ಕೀಲಿಗಳಿರುವ ಕೀಹೆಡ್‌ನಲ್ಲಿ ಸರಿ ಮಾಡಿ.

ಹತ್ತುತಂತಿ
ಮಗುಚಿದೆ. ಉಳಿದ ರಾಡುಗಳೆಲ್ಲಾ ಟಿಕ್ ಅನ್ನುತ್ತವೆ. ಇದೊಂದು ವೀಣೆ ತಂತಿಯ ಹಾಗೆ ಬಿಗಿದುಕೊಂಡಿದೆ. ನೈಲಾನ್ ಬಿಚ್ಚುತ್ತಾ ಹೋದೆ, ಮೀಟರ್ 20 ಸೆಂಟ್ ಮೇಲೇರಿ ಗಕ್ಕನೆ ನಿಂತಿತು! ಟ್ಯೂನ್ ಮಾಡಿ ಒಂದು ಗಂಟೆ ನುಡಿಸಿದೆ. ಜಿ ಶಾರ್ಪ್ ಕದಲಿಲ್ಲ. ವಾಲ್ಯೂಮ್ ಒತ್ತಿದರೂ ಅಲುಗಾಟ ಇಲ್ಲ.

ಆದರೆ ಈಗ ಎಫ್ ಶಾರ್ಪ್ ಇಳಿಯುವುದಿಲ್ಲ. ಮೊದಲಿದ್ದ ಜಾಗಕ್ಕೇ ಬಂದೆ.

ರಾಡುರಿಪೇರಿ
ಬರಲೇಬೇಕು. ಮೂರು ದಾರಿ ಇವೆ. ಲಿವರ್‌ನ ಸ್ಟಾಪ್ ಸ್ಕ್ರೂ ಬಿಚ್ಚಿ ಓಡಾಟ ಹೆಚ್ಚಿಸಬಹುದು. ಆಗ 1ನೇ ತಂತಿಯೂ ಜಿ ದಾಟಿ ಹೋಗುತ್ತದೆ, ಅದರ ನೈಲಾನ್ ಸಡಿಲ ಮಾಡಬೇಕು. ಇಲ್ಲವೇ ರಾಡನ್ನು, ಅದನ್ನು ಎಳೆಯುವ ತೋಳಾದ ಬೆಲ್‌ಕ್ರ್ಯಾಂಕ್‌ನಲ್ಲಿ ಅಡ್ಡ ಶಾಫ್ಟ್‌ನಿಂದ ದೂರದ ತೂತಿಗೆ ಹಾಕಿ. ಅಷ್ಟೇ ಮೊಣಕಾಲು ಓಡಾಟಕ್ಕೆ ರಾಡು ಜಾಸ್ತಿ ಸರಿಯುತ್ತದೆ, ಲಿವರ್ ಸ್ವಲ್ಪ ಗಟ್ಟಿಯಾಗುತ್ತದೆ. ಮೂರನೆಯದು, ಮೊದಲಿದ್ದ .020 ಪ್ಲೇನ್ ವಾಪಸ್ ಹಾಕಿ. ನಾನಾದರೆ ಮೂರನೆಯದು. ಕಟ್ಟಿದವರು ಲೆಕ್ಕ ಹಾಕಿಯೇ ಕಟ್ಟಿದ್ದಾರೆ, ಪಾಪ.

ಡಬಲ್‌ನೆಕ್
ಪುಶ್-ಪುಲ್ ಆಗಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ರಾಡುರಿಪೇರಿ
ಹೌದು, ಅದರ ರಗಳೆಗಳೇ ಬೇರೆ.

ಹತ್ತುತಂತಿ
ಪ್ಲೇನ್ ಹಾಕಿದೆ. ಎಫ್ ಶಾರ್ಪ್ ಸರಿಯಾಗಿ ಇಳಿಯುತ್ತದೆ, ರಾಡಿನಲ್ಲಿ ಸಡಿಲವೂ ಇದೆ. ಬಿ ಪೆಡಲ್ ಮಾತ್ರ ಎ ಸ್ವರ ದಾಟಿ ಮೇಲೆ ಹೋಗುತ್ತಿತ್ತು. ವೌಂಡ್‌ಗೆ ಅದನ್ನೂ ಬಿಗಿ ಮಾಡಿದ್ದೆ ಅಂತ ಈಗ ನೆನಪಾಯಿತು, ಬಿಚ್ಚಿ ಸರಿ ಮಾಡಿದೆ. ನಾದ ಸ್ವಲ್ಪ ತೆಳುವೇ, ಇರಲಿ. ಮಾಡಿಕೊಟ್ಟವರಿಗೆ ಕ್ಷಮೆ ಕೇಳಿ ಬರೆದಿದ್ದೇನೆ. "ಸರಿ" ಎಂದು ಉತ್ತರ ಬಂದಿದೆ.

ಮೇಪಲ್‌ಪ್ರಿಯ
ಈಗ ಎ ಪೆಡಲ್ ಒಂದನ್ನೇ ಒತ್ತಿ 6ನೇ ತಂತಿ ಅಳೆಯಿರಿ. ಪ್ಲೇನ್ ಅಲ್ವಾ, ಮೈ ಬಾಗಿದ್ದು ಅದರಲ್ಲೇ ಎದ್ದು ಕಾಣುವುದು.

ಹತ್ತುತಂತಿ
ಅಳೆದೆ. 4 ಸೆಂಟ್ ಇಳಿಯುತ್ತದೆ. ಬಿಟ್ಟರೆ ಸರಿ ಹೋಗುತ್ತದೆ.

ಮೇಪಲ್‌ಪ್ರಿಯ
ಮೊದಲೇ ಹೇಳಿದ್ದೆ. ಪಟ್ಟಿಗೆ ಸೇರಿಸಿಕೊಂಡೆ, ಇದು ಮೂವತ್ತೊಂದನೆಯದು. ಮೈಗೆ ಯಾವ ಮರ ಹಾಕಿದ್ದಾರೆ ಅಂತ ತಿಳಿಸಿ.

ಸಲಾಕೆ
ಮರ ಯಾವುದಾದರೂ ಇರಲಿ, ಬಿಚ್ಚಿದ್ದು ಬಿಚ್ಚಿದ್ದೇ ಆಯಿತು, ಎ ಪೆಡಲನ್ನೂ ಎಡಕ್ಕೆ ಹಾಕಿಬಿಡಿ ಸಾರ್.